ದಂಡು ಬಿಟ್ಟ ದಾರಿ

ಹದಿನಾರು ವರ್ಷದ ಫೌಜಿನ ನೌಕರಿಯಲ್ಲಿ ಹವಾಲ್ದಾರ್ ಗುರುಪಾದನಿಗೆ ಗಡಿಯ ಮೇಲೂ ಇಷ್ಟು ತಲೆ ಕೆಟ್ಟಿರಲಿಲ್ಲ. ಕೆಡಿಸಿದವರು ವೈರಿಗಳಲ್ಲ, ಸ್ವಂತ ತಂಗಿ. ಉಕ್ಕಿದ ಮಲಪ್ರಭೆ ಆಕೆಯ ಗಂಡನೂರು ಹೊಳೆಮಣ್ಣೂರನ್ನು ಅರ್ಧ ನುಂಗಿ ಕೂತಿದ್ದಳು. ತುಂಬಿದ ಬಸುರಿ ಶಾಂಭವಿ ಶಾಲೆಯ ಮಾಳಿಗೆ ಏರಿ ಕೂತಿದ್ದಳು. ನಿನ್ನೆಯಿಂದ ಎರಡು ದೋಣಿ ಹೋಗಿ ಖಾಲಿ ಕೈಯಲ್ಲಿ ಬಂದಿದ್ದವು. ಎರಡಕ್ಕೂ ಆಕೆಯದು ಒಂದೇ ಮಾತು: ಚೊಚ್ಚಲ ಬಾಣಂತನಕ್ಕೆ ತವರಿನವರು ಬಂದು ಕರೆಯಬೇಕು, ಅಣ್ಣ ಬಂದರೆ ಇಳಿಯುತ್ತೇನೆ, ಬಾರದಿದ್ದರೆ ಇಲ್ಲ. ಏಳನೇ ತಿಂಗಳಲ್ಲೇ ಬಂದು ಕರೆದೊಯ್ಯುತ್ತೇನೆಂದಿದ್ದ ಅಣ್ಣ ರಜೆ ಸಿಗದೆ ಬಂದಿರಲಿಲ್ಲ. ಆ ಸಿಟ್ಟು ಆಕೆಯ ಹೊಟ್ಟೆಯಲ್ಲಿ ಕೂಸಿನ ಜತೆಗೇ ಬೆಳೆದಿತ್ತು. ಪ್ರವಾಹದ ಡ್ಯೂಟಿಯ ನೆವದಲ್ಲಿ ಫೌಜೇ ಅವನನ್ನು ಅವನೂರು ಮೆಣಸಗಿಯ ದಂಡೆಗೆ ತಂದು ಇಳಿಸಿದ ದಿನ ಬೆಳಿಗ್ಗೆ, ಬೇನೆ ಶುರುವಾಗಿದೆಯೆಂದು ಫೋನ್ ಬಂತು. ಪಟ್ಟು ಮಾತ್ರ ಸಡಿಲಿಸಿಲ್ಲವಂತೆ. ಎಂಥ ಹುಡುಗಿಯಪ್ಪಾ!

ಜಾಗ ಉಳಿಯಲೆಂದು ರಬ್ಬರ್ ದೋಣಿಯಲ್ಲಿ ಇಬ್ಬರೇ ಹೊರಟರು. ಎಂಜಿನ್ನಿನ ಹತ್ತಿರ ಕೂತವನು ನರಗುಂದದ ಸಿಪಾಯಿ ಮೆಹಬೂಬಸುಭಾನಿ, ಕೈ ಕೆಲಸದಲ್ಲಿ ಚುರುಕು, ಬಾಯಿ ಅದಕ್ಕಿಂತ ಚುರುಕು. ನೆರೆಯಲ್ಲಿ ರಸ್ತೆ ಕಾಣುವುದಿಲ್ಲ, ಲೈಟಿನ ಕಂಬಗಳ ಸಾಲು ಹಿಡಿದೇ ದೋಣಿ ನಡೆಸಬೇಕು. ಹನ್ನೊಂದು ಕಂಬ ದಾಟಿದರು. ದಟ್ಟ ಮಂಜು ಕವಿಯಿತು. ಹನ್ನೆರಡನೇ ಕಂಬ ಬರಲೇ ಇಲ್ಲ. ಹಿಂದೆ ತಿರುಗಿದರೆ ಹನ್ನೊಂದನೆಯದೂ ಇರಲಿಲ್ಲ.

ಮಂಜು ಹರಿದಾಗ ಎದುರಿಗೆ ಆನೆಗಳು. ಒಂದೆರಡಲ್ಲ, ಮೂವತ್ತರ ಮೇಲೆ. ಹೊಳೆಗೆ ಅಡ್ಡಲಾಗಿ ಒಂದರ ಪಕ್ಕಕ್ಕೊಂದು ನಿಂತು ಸೆಳವನ್ನು ಮೈಮೇಲೆ ತಡೆದುಕೊಂಡಿದ್ದವು. ಅವುಗಳ ಮರೆಯಲ್ಲಿ ಮಿಣಿಹಗ್ಗ ಹಿಡಿದು ಜನ ಹೊಳೆ ದಾಟುತ್ತಿದ್ದರು: ತಲೆಯ ಮೇಲೆ ತುರುಬು, ಬೆನ್ನಿಗೆ ತೊಗಲಿನ ಗುರಾಣಿ, ಕೈಯಲ್ಲಿ ಈಟಿ. ದಂಡೆಯ ತುಂಬ ಅಂಥವರೇ, ಕಣ್ಣು ಹಾಯುವಷ್ಟು ದೂರ.

ಪಿಚ್ಚರಿನ ಶೂಟಿಂಗ್ ಇರಬೇಕೆಂದ ಸುಭಾನಿ. ಗುರುಪಾದ ಕ್ಯಾಮೆರಾ ಹುಡುಕಿದ. ಕ್ಯಾಮೆರಾ ಇರಲಿ, ಆ ದಂಡೆಯಲ್ಲಿ ಒಂದು ಪ್ಲಾಸ್ಟಿಕ್ ಚೀಲವೂ ಇರಲಿಲ್ಲ. ನಮ್ಮ ಹೊಳೆದಂಡೆಯಲ್ಲಿ ಪ್ಲಾಸ್ಟಿಕ್ ಚೀಲ ಇಲ್ಲವೆಂದರೆ ಅದು ನಮ್ಮ ಕಾಲ ಅಲ್ಲ. ಅವನಿಗೆ ಅಷ್ಟರಲ್ಲೇ ತಿಳಿಯಿತು, ತಿಳಿದಿದ್ದಕ್ಕೆ ಮೈ ಜುಂ ಎಂದಿತು.

ಇನ್ನು ಕಾದಾಡುವ ಮಾತು. ನೆರೆಯ ಡ್ಯೂಟಿಗೆ ಬಂದೂಕು ತರುವುದಿಲ್ಲ. ಅವರ ಹತ್ತಿರ ಇದ್ದದ್ದು ಎರಡು ಹುಟ್ಟು, ಒಂದು ಹಗ್ಗ, ಒಂದಿಷ್ಟು ಲೈಫ್ ಜಾಕೆಟ್ಟು, ಸುಭಾನಿಯ ಕೊರಳಲ್ಲೊಂದು ಸೀಟಿ. ಅವನು ಸೀಟಿ ಊದಿದ. ಒಂದು ಆನೆ ಕಿವಿ ಅಲ್ಲಾಡಿಸಿತು, ಅಷ್ಟೇ. ನಾಲ್ಕು ಜನ ಈಜಿ ಬಂದು, ದೋಣಿಗೆ ಮಿಣಿ ಬಿಗಿದು, ಎಮ್ಮೆ ಎಳೆದ ಹಾಗೆ ದಂಡೆಗೆ ಎಳೆದುಕೊಂಡು ಹೋದರು.

ಯಾರೂ ಅವರನ್ನು ಹೊಡೆಯಲಿಲ್ಲ. ಎಲ್ಲರಿಗೂ ನೋಡುವ ಹುಚ್ಚು. ಒಬ್ಬ ದೋಣಿಯ ರಬ್ಬರ್ ಸವರಿ ಬೆರಳು ಮೂಸಿದ. ಇನ್ನೊಬ್ಬ ಸುಭಾನಿಯ ಜಾಕೆಟ್ಟಿನ ಜಿಪ್ಪು ಹಿಡಿದು ಕೆಳಗಿಳಿಸಿದ, ಮೇಲೆಳೆದ, ಮತ್ತೆ ಕೆಳಗಿಳಿಸಿದ. ನೋಡನೋಡುತ್ತ ಜಿಪ್ಪು ಎಳೆಯಲು ಪಾಳಿ ಹಚ್ಚಿ ನಿಂತರು. ಗುರುಪಾದನೂ ಕಡಿಮೆಯವನಲ್ಲ, ಆ ಗಳಿಗೆಯಲ್ಲೂ ಒಬ್ಬನ ಈಟಿ ಇಸಿದುಕೊಂಡು ತೂಕ ನೋಡಿ, ಇದನ್ನು ಹೊತ್ತು ದಿನಕ್ಕೆ ಎಷ್ಟು ಹರದಾರಿ ನಡೆಯುತ್ತಾರೋ ಎಂದು ಸೋಜಿಗಪಟ್ಟ. ಆಮೇಲೆ ತಂಗಿ ನೆನಪಾಗಿ ಈಟಿ ತಿರುಗಿ ಕೊಟ್ಟ.

ದಂಡಿನ ನಾಯಕ ಬಂದ. ನರೆತ ಮೀಸೆ, ಕೆನ್ನೆಯ ಮೇಲೆ ಹಳೆಯ ಗಾಯ.

"ನೀಮಾರ್? ಎತ್ತ ಪೋಪಿರ್?"

ಗುರುಪಾದ ಸೆಟೆದು ನಿಂತು ತನ್ನ ನಂಬರು, ಹುದ್ದೆ, ಪಲ್ಟನ್ನಿನ ಹೆಸರು ಒಪ್ಪಿಸಿದ. ನಾಯಕನಿಗೆ ಕೇಳಿ ಬೇಸರವಾಯಿತು. ಅವನಿಗೆ ಬೇಕಿದ್ದದ್ದು ದೋಣಿ. ಆನೆಗಳು ದಣಿದಿವೆ, ಇನ್ನೂ ಅರ್ಧ ದಂಡು ದಾಟಬೇಕು, ದೋಣಿ ಇಲ್ಲೇ ಇರಲಿ ಎಂದು ಕೈಸನ್ನೆಯಲ್ಲೇ ತೀರ್ಮಾನ ಮಾಡಿಬಿಟ್ಟ. ಇಬ್ಬರು ಆಳುಗಳು ಮಿಣಿಯನ್ನು ಮರಕ್ಕೆ ಕಟ್ಟಿಯೂ ಆಯಿತು.

ಗುರುಪಾದನ ಸೆಟೆತವೆಲ್ಲ ಇಳಿದುಹೋಯಿತು. ಅವನು ನಾಯಕನ ಎರಡೂ ಕೈ ಹಿಡಿದುಕೊಂಡ.

"ನನ್ನ ತಂಗಿ ಬಸುರಿ ಅದಾಳ್ರಿ. ಬ್ಯಾನಿ ತಿನ್ನಾಕತ್ತಾಳ. ತವರಿಗೆ ಕರಕೊಂಡು ಬರಾಕ ಹೊಂಟೀನ್ರಿ, ನಾ ಹೋಗದಿದ್ರ ಆಕಿ ಇಳಿಯಂಗಿಲ್ಲ."

ತಂಗಿ, ಬಸುರಿ, ತವರು. ಇಷ್ಟು ನಾಯಕನಿಗೆ ತಿಳಿಯಿತು. ಅವನ ಹುಬ್ಬಿನ ಗಂಟು ಸಡಿಲವಾಯಿತು. ಮಿಣಿ ಬಿಚ್ಚಿಸಲು ಕೈ ಎತ್ತಿದವನು ನಡುವೆಯೇ ತಡೆದು, ದೋಣಿಯೊಳಗೆ ಇಣುಕಿ ನೋಡಿದ. ಹುಟ್ಟು, ಹಗ್ಗ, ಜಾಕೆಟ್ಟು. ಮತ್ತೆ ಗುರುಪಾದನ ಮುಖ ನೋಡಿದ.

"ಬರಿಗೆಯ್ಯೊಳ್ ಪೋಪೆಯಾ?"

ಖಾಲಿ ಕೈಯಲ್ಲಿ ಹೊರಟೆಯಾ! ಗುರುಪಾದನಿಗೆ ನೆಲ ಬಾಯಿಬಿಟ್ಟರೆ ಸಾಕೆನಿಸಿತು. ಚೊಚ್ಚಲಿಗೆ ತಂಗಿಯನ್ನು ಕರೆಯಲು ಹೋಗುವ ಅಣ್ಣ ಕುಪ್ಪಸದ ಖಣ, ಬೆಲ್ಲ, ಕೊಬ್ಬರಿ ಇಲ್ಲದೆ ಹೋಗುತ್ತಾನೆಯೇ? ಮಂಜೂರಾದ ಸಾಮಾನಿನ ಪಟ್ಟಿ ಮೂರು ಸಲ ತಾಳೆ ನೋಡಿದ್ದ ಹವಾಲ್ದಾರನಿಗೆ ಇದು ನೆನಪೇ ಆಗಿರಲಿಲ್ಲ. ನಾಯಕ ದಂಡಿನ ಎದುರಿಗೇ ಅವನಿಗೆ ಉಗಿದ. ಮಾತು ಪೂರಾ ತಿಳಿಯದಿದ್ದರೂ ಬೈಗುಳ ಪೂರಾ ತಿಳಿಯಿತು; ಸ್ವಂತ ಸೋದರಮಾವ ಬೈದ ಹಾಗಿತ್ತು.

ಸುದ್ದಿ ಸಾಲಿನಿಂದ ಸಾಲಿಗೆ ಹೋಯಿತು. ಅಡುಗೆ ಬಂಡಿಯಿಂದ ಬೆಲ್ಲದ ಅಚ್ಚು ಬಂತು. ಯಾರೋ ಗಂಟು ಬಿಚ್ಚಿ ಕೊಬ್ಬರಿ ಬಟ್ಟಲು ತೆಗೆದರು. ಎಳೆ ಮೀಸೆಯ ಸಿಪಾಯಿಯೊಬ್ಬ ಎದೆಗೆ ಕಟ್ಟಿಕೊಂಡಿದ್ದ ಕೆಂಪು ಬಟ್ಟೆಯನ್ನು ಹೊರಗೆಳೆದು ಒಂದು ಗಳಿಗೆ ನೋಡಿದ. ಯಾರಿಗೆಂದು ಒಯ್ಯುತ್ತಿದ್ದನೋ ಏನೋ, ಬೆಲ್ಲ ಕೊಬ್ಬರಿಯನ್ನು ಅದರಲ್ಲೇ ಸುತ್ತಿ ಗುರುಪಾದನ ಕೈಗಿಟ್ಟ.

ಮಿಣಿ ಬಿಚ್ಚಿಸಿ ನಾಯಕ ಕೂಗಿದ. ನಡುವಿನ ಎರಡು ಆನೆ ಪಕ್ಕಕ್ಕೆ ಸರಿದು ದೋಣಿಯಷ್ಟು ದಾರಿ ಬಿಟ್ಟವು. ಹಗ್ಗ ಹಿಡಿದು ದಾಟುತ್ತಿದ್ದವರೆಲ್ಲ ಎದೆಮಟ್ಟ ನೀರಿನಲ್ಲಿ ನಿಂತೇ ಕಾದರು. ಸುಭಾನಿ ಎಂಜಿನ್ ಎಳೆದ. ಆನೆಗಳ ನಡುವೆ ಹಾಯುವಾಗ ಅವುಗಳ ಬಿಸಿ ಉಸಿರು ಇಬ್ಬರ ಮುಖಕ್ಕೂ ತಾಗಿತು. ಆಚೆಗೆ ಮತ್ತೆ ಮಂಜು, ಮಂಜಿನ ಆಚೆಗೆ ಹನ್ನೆರಡನೇ ಕಂಬ.

ಶಾಂಭವಿ ಮಾಳಿಗೆಯ ಅಂಚಿಗೆ ಆತು ನಿಂತಿದ್ದಳು, ತುಟಿ ಕಚ್ಚಿಕೊಂಡು. ಅಣ್ಣನ ಮುಖಕ್ಕಿಂತ ಮೊದಲು ಅವನ ಕೈ ನೋಡಿದಳು. ಗಂಟು ಇಸಿದುಕೊಂಡು ಬಿಚ್ಚಿ, ಒಂದು ಚೂರು ಬೆಲ್ಲ ಬಾಯಿಗೆ ಹಾಕಿಕೊಂಡು, ಬೇನೆಯ ಒಂದು ಸುತ್ತು ಮುಗಿಯುವತನಕ ಮಾಳಿಗೆಯ ಅಂಚು ಬಿಗಿಹಿಡಿದಳು. ಸಿಟ್ಟು ಇನ್ನೂ ಸ್ವಲ್ಪ ಉಳಿದಿತ್ತು. ಇಷ್ಟು ತಡ ಏಕೆಂದು ಕೇಳಿದಳು. ದಾರಿಯಲ್ಲಿ ದಂಡು ಅಡ್ಡ ಬಂದಿತ್ತೆಂದ.

"ಕರಿಯಾಕ ಒಬ್ಬನ ಬಂದೀಯೇನು?"

"ಇಲ್ಲವ್ವಾ. ಮೂರ್ ನಾಕು ಸಾವಿರ ಮಂದಿ ನಿಂತು ಕಳಿಸ್ಯಾರ."

ಚೇಷ್ಟೆ ಮಾಡುತ್ತಿದ್ದಾನೆಂದು ಬಗ್ಗಿ ಅವನ ಮುಖ ನೋಡಿದಳು. ಹವಾಲ್ದಾರ್ ಗುರುಪಾದ ಅಳುತ್ತಿದ್ದ. ಶಾಂಭವಿ ಕೆಂಪು ಗಂಟನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅವನಿಗೆ ಕೈ ಕೊಟ್ಟಳು.