ಹೆಸರು ಬರೀ ಸದ್ದು

ನಾನು ಆಂಜಿನಪ್ಪ, ಮಾರಿಕುಪ್ಪಂ ಕಡೆಯ ಒಂದು ಗಣಿ ಕಚೇರಿಯಲ್ಲಿ ಹಾಜರಿ ಬರೆಯುವವನು. ಕನ್ನಡ, ತೆಲುಗು, ತಮಿಳು ಮೂರೂ ನನಗೆ ನೀರು ಕುಡಿದಷ್ಟು ಸಲೀಸು. ಆದರೆ ಹೆಂಡತಿ ಪ್ಲೇಗಿನಲ್ಲಿ ಹೋದ ಮೇಲೆ ಮನೆಯಲ್ಲಿ ಮಾತಾಡಿಸಲು ಒಂದು ನರಪಿಳ್ಳೆಯೂ ಇಲ್ಲ. ಹೊಗೆಯಾಡುವ ಒಲೆಯನ್ನು ಬೈದುಕೊಂಡು ಎಷ್ಟು ವರ್ಷ ಕಳೆಯಲಿ? ಅದಕ್ಕೇ ೧೯೨೬ರಲ್ಲಿ ಭಾನುವಾರದ ಪಾಠ ಶುರು ಮಾಡಿದೆ. ಮನುಷ್ಯರ ಭಾಷೆ ಎಂದರೇನು, ಅದು ಹೇಗೆ ನಡೆಯುತ್ತದೆ ಎಂಬ ಪಾಠ. ಮೂವರು ಎಳೆಯ ಗುಮಾಸ್ತರು ಕಚೇರಿ ಜಗಲಿಗೆ ಬರುತ್ತಿದ್ದರು. ವಾರವೆಲ್ಲ ನಾನು ಆ ಎರಡು ಗಂಟೆಗಾಗಿಯೇ ಬದುಕುತ್ತಿದ್ದೆ. ಅದು ಅವರಿಗೆ ಗೊತ್ತಾಗಬಾರದೆಂದು ಗದರುತ್ತಲೇ ಇರುತ್ತಿದ್ದೆ.

ಮೊದಲ ಪಾಠವೇ ಹೆಸರಿನದು. “ನಾವು ಬೆಕ್ಕು ಅಂತೀವಿ, ತೆಲುಗರು ಪಿಲ್ಲಿ ಅಂತಾರೆ, ತಮಿಳರು ಪೂನೈ ಅಂತಾರೆ. ಅದರಿಂದ ಬೆಕ್ಕಿಗೇನಾದರೂ ಆಯ್ತಾ? ಹಾಲು ಕುಡ್ಕೊಂಡು ಹಾಯಾಗಿದೆ. ಹೆಸರು ಅನ್ನೋದು ನಾವೆಲ್ಲ ಒಪ್ಪಿಕೊಂಡ ಬರೀ ಸದ್ದು.”

ಶಿಷ್ಯರಲ್ಲೊಬ್ಬ, ಮುನಿಸ್ವಾಮಪ್ಪ, ತಲೆ ಕೆರೆದುಕೊಂಡ. “ನಮ್ಮಜ್ಜಿ ಕತ್ಲಾದ್ಮೇಲೆ ಆವು ಅನ್ನಲ್ಲ ಮೇಷ್ಟ್ರೇ, ಉಳ ಅಂತಾಳೆ. ಎಸ್ರೆತ್ತಿದ್ರೆ ಬಂದ್ಬುಡ್ತದಂತೆ.”

“ನಿಮ್ಮಜ್ಜೀನೂ ಪಾಠಕ್ಕೆ ಕರ್ಕೊಂಡ್ ಬಾ,” ಎಂದೆ. ಎಲ್ಲರೂ ನಕ್ಕರು.

ಅಷ್ಟರಲ್ಲಿ ಒಬ್ಬ ಹೆಂಗಸು ಬಂದು ಜಗಲಿಯ ಕೆಳಗೆ ನಿಂತಳು. ಹೆಸರು ಚಿಕ್ಕವೆಂಕಟಮ್ಮ, ಬೂದಿಕೋಟೆ ಕಡೆಯವಳು. ಬಂಗಾರಪೇಟೆವರೆಗೆ ನಡೆದು, ಅಲ್ಲಿಂದ ರೈಲು ಹತ್ತಿ ಒಬ್ಬಳೇ ಬಂದಿದ್ದಳು. ಗಣಿ ಕೆಲಸಕ್ಕೆ ಬಂದ ಗಂಡನಿಂದ ಎರಡು ತಿಂಗಳಿಂದ ಸುದ್ದಿಯಿಲ್ಲ.

“ಗಂಡನ ಹೆಸರೇನಮ್ಮ?”

ಅವಳು ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು. ಗಂಡನ ಹೆಸರು ಹೇಳಿದರೆ ಅವನ ಆಯುಸ್ಸು ಕಮ್ಮಿ ಎಂಬ ನಂಬಿಕೆ. ಊರಿನಲ್ಲಾದರೆ ಪಕ್ಕದಲ್ಲಿರುವವರು ಹೇಳಿಬಿಡುತ್ತಾರೆ. ಇಲ್ಲಿ ಅವಳ ಪಕ್ಕದಲ್ಲಿ ಯಾರೂ ಇರಲಿಲ್ಲ.

“ಬೂದಿಕೋಟೆ ಕಡೆಯೋರ ಎಸ್ರೆಲ್ಲ ನಾನ್ ಓದ್ತೀನಿ ಮೇಷ್ಟ್ರೇ,” ಎಂದ ಮುನಿಸ್ವಾಮಪ್ಪ. “ಆಯಮ್ಮ ತಲೆ ಆಡಿಸ್ಲಿ, ಸಾಕು.”

ಅದು ಒಳ್ಳೆಯ ದಾರಿಯೇ. ಆದರೆ ನನ್ನ ಪಾಠ ಕಣ್ಣೆದುರೇ ಬಂದು ನಿಂತಿತ್ತಲ್ಲ! ಶಿಷ್ಯರ ಮುಂದೆ ದೊಡ್ಡವನಾಗುವ ಆಸೆ. “ಬೇಡ, ಅವರೇ ಹೇಳಲಿ,” ಎಂದು ಅವಳ ಕಡೆ ತಿರುಗಿದೆ. “ನೋಡಮ್ಮ, ಹೆಸರು ಬರೀ ಸದ್ದು. ಹೇಳಿದರೆ ಯಾರಿಗೂ ಏನೂ ಆಗಲ್ಲ. ಹೇಳದೇ ಇದ್ರೆ ನಾನು ಹಾಜರಿ ಪುಸ್ತಕ ತೆಗೆಯಲ್ಲ.”

ಅವಳು “ಏನೂ ಆಗಲ್ವಾ ಸಾಮಿ?” ಎಂದು ಎರಡು ಸಲ ಕೇಳಿದಳು. ಎರಡು ಸಲವೂ ಆಗಲ್ಲ ಎಂದೆ. ಕೊನೆಗೆ ಕಣ್ಣು ಮುಚ್ಚಿಕೊಂಡು, “ಸೊಣ್ಣಪ್ಪ,” ಎಂದಳು. ಮದುವೆಯಾದ ಮೇಲೆ ಅದೇ ಮೊದಲ ಸಲ ಇರಬೇಕು.

ನಾನು ಗೆದ್ದವನಂತೆ ಶಿಷ್ಯರ ಮುಖ ನೋಡಿ ಪುಸ್ತಕ ತೆರೆದೆ. ಬೂದಿಕೋಟೆ ಸೊಣ್ಣಪ್ಪ ಸಿಕ್ಕಿದ. ಅವನ ಸಾಲಿನ ಮೇಲೆ ಕೆಂಪು ಗೀಟು ಎಳೆದಿತ್ತು. ಜ್ವರದಿಂದ ತೀರಿಕೊಂಡು ಮೂರು ವಾರವಾಗಿತ್ತು. ಊರಿಗೆ ತಿಳಿಸಬೇಕಾದ ಕೂಲಿ ಮೇಸ್ತ್ರಿ ತಿಳಿಸಿರಲೇ ಇಲ್ಲ.

ನಾನು ಬಾಯಿ ಬಿಡುವ ಮೊದಲೇ ನನ್ನ ಮುಖದಿಂದ ಅವಳಿಗೆ ತಿಳಿದುಹೋಯಿತು. ಅಳಲಿಲ್ಲ. ತನ್ನ ಬಾಯಿಯ ಮೇಲೆ ತಾನೇ ಪಟಪಟನೆ ಹೊಡೆದುಕೊಂಡಳು.

“ಇಲ್ಲಮ್ಮ, ನೀವು ಹೇಳಿದ್ದಕ್ಕಲ್ಲ. ಆಗಲೇ ಮೂರು ವಾರ ಆಗೋಗಿದೆ. ಇಲ್ಲಿ ತಾರೀಕು ಇದೆ, ನೋಡಿ,” ಎಂದು ಓದು ಬಾರದವಳ ಮುಂದೆ ಪುಸ್ತಕ ಹಿಡಿದೆ.

“ನಾನ್ ಎಸ್ರು ಏಳೋಗಂಟ ಇದ್ರು ಸಾಮಿ,” ಎಂದಳು. “ರೈಲಲ್ಲೂ ಇದ್ರು. ಇಲ್ಲಿಗ್ ಬಂದ್ ನಿಂತಾಗ್ಲೂ ಇದ್ರು. ನಾನೇ ಏಳ್ಬುಟ್ಟೆ.”

ನನ್ನ ಮೇಲೆ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು. ಮುನಿಸ್ವಾಮಪ್ಪ ಅವಳನ್ನು ರೈಲಿನವರೆಗೆ ಬಿಟ್ಟು ಬರಲು ಹೋದ.

ಮುಂದಿನ ಭಾನುವಾರ ಶಿಷ್ಯರು ಮೂವರೂ ಬಂದರು, ನಾನು ಹೋಗಲಿಲ್ಲ. ಮನೆ ಬಾಗಿಲಿಗೇ ಬಂದು, “ಮೇಷ್ಟ್ರೇ, ಮೇಷ್ಟ್ರೇ,” ಎಂದು ಕರೆದರು. ನಾನು ಒಳಗೇ ಕೂತಿದ್ದೆ. ಓಗೊಡಲಿಲ್ಲ. ಮೂರು ಭಾನುವಾರ ಕರೆದು, ಆಮೇಲೆ ಅವರೂ ಬಿಟ್ಟರು.