ಒಂಬತ್ತು ಸಾಲಿನ ಕಪ್ಪು

ಮತ್ತೆ ಎಣಿಸಿದ. ಒಂಬತ್ತೇ.

ಪಾಲುದಾರ ದೇಶ ಕಳಿಸಿದ ಎಂಜಿನ್ ವರದಿಯ ನಲವತ್ತೊಂದನೆಯ ಪುಟದಲ್ಲಿ ಒಂಬತ್ತು ಸಾಲಿನ ಮೇಲೆ ಕಪ್ಪು ಬಳಿದಿತ್ತು. ಎರಡು ದೇಶ ಕೂಡಿ ಕಟ್ಟಿದ ಯುದ್ಧವಿಮಾನ; ಎಂಜಿನ್ ಅವರದು, ರೆಕ್ಕೆ ಇವರದು. ನಕ್ಷೆಯ ಮೇಲಿಟ್ಟು ನೋಡಲೆಂದು ವರದಿಗಳು ಗಾಜಿನಂಥ ಪ್ಲಾಸ್ಟಿಕ್ ಹಾಳೆಗಳಲ್ಲಿ ಬರುತ್ತಿದ್ದವು. ಮುಚ್ಚುಮರೆ ಕೂಡದೆಂದು ಒಪ್ಪಂದ. ಅವರು ಮುಚ್ಚಿದಷ್ಟೇ ಸಾಲು ಇವರೂ ಮುಚ್ಚಬೇಕೆಂಬುದು ಒಪ್ಪಂದದಲ್ಲಿಲ್ಲದ ಪದ್ಧತಿ.

ಹನ್ನೊಂದು ವರ್ಷದಿಂದ ಮುಚ್ಚುವ ಕೆಲಸ ಈ ಎಂಜಿನಿಯರನದು. ಮೊನ್ನೆ ಮುಚ್ಚಲು ಏನೂ ಸಿಗದೆ, ರೆಕ್ಕೆಯ ಬಣ್ಣ ಒಣಗುವ ಬಗೆಗಿನ ಒಂಬತ್ತು ಸಾಲಿನ ಮೇಲೆ ಶ್ರದ್ಧೆಯಿಂದ ಮಸಿ ಎಳೆದಿದ್ದ.

ಇವತ್ತು ಮೊದಲ ಹಾರಾಟ. ಹಾರಿಸುವವನು ಹೆಂಡತಿಯ ತಮ್ಮ. ಕಂಕುಳಲ್ಲಿ ಹೆಲ್ಮೆಟ್ಟು ಇರುಕಿಕೊಂಡು ಬಾಗಿಲಲ್ಲೇ ನಿಂತಿದ್ದ.

"ಭಾವ, ನೀವು ಸಹಿ ಹಾಕೋಷ್ಟರಲ್ಲಿ ನಾನು ಮುದುಕ ಆಗ್ತೀನಿ."

"ಐದು ನಿಮಿಷ."

"ಅಕ್ಕ ಹೇಳೋದು ಸರಿ. ಉಪ್ಪು ಸಾಕಾ ಅಂದ್ರೂ ಐದು ನಿಮಿಷ ಅಂತೀರಂತೆ."

ನಗುತ್ತ ಹೋದ.

ಎಂಜಿನಿಯರ ಆ ದೇಶದ ಎಂಜಿನಿಯರನಿಗೆ ಫೋನು ಹಚ್ಚಿದ.

"ನಲವತ್ತೊಂದನೇ ಪುಟದಲ್ಲಿ ಏನು ಮುಚ್ಚಿದೀರಿ?"

"ನೀವೇನು ಮುಚ್ಚಿದೀರಿ?"

"ಏನೂ ಇಲ್ಲ. ದೇವರಾಣೆ, ಬರೀ ಬಣ್ಣದ ವಿಚಾರ."

ಅತ್ತ ಸಣ್ಣ ನಗು. "ಹಾಗಾದ್ರೆ ನಮ್ಮದರಲ್ಲೂ ಏನೂ ಇಲ್ಲ."

"ಹಾರಿಸೋನು ನನ್ನ ಬಾಮೈದ."

ಅತ್ತ ಹಾಳೆ ಮಗುಚಿದ ಸದ್ದು. ಆಮೇಲೆ, "ಒಳ್ಳೇ ಪೈಲಟ್ ಅಂತೆ."

ಹನ್ನೊಂದು ವರ್ಷದಲ್ಲಿ ಮೊದಲ ಸಲ ಇವನು ನಿಜ ಹೇಳಿದ್ದ, ಆಚೆಯವನು ನಂಬಲಿಲ್ಲ. ಅದೇ ಮಾತು ತಿರುಗಿ ಬಂದಾಗ ಇವನಿಗೂ ನಂಬಲಾಗಲಿಲ್ಲ.

ಎದುರಿನ ಕಾಗದದಲ್ಲಿ ಒಂದೇ ವಾಕ್ಯ: ಎಲ್ಲ ವಿವರಗಳೂ ದೊರೆತಿವೆ. ಸಹಿ ಹಾಕದಿದ್ದರೆ ಹಾರಾಟ ನಿಲ್ಲುತ್ತದೆ. ನಿಲ್ಲಿಸಿದರೆ ವಿಚಾರಣೆ, ವಿಚಾರಣೆಯಲ್ಲಿ ತನ್ನ ಒಂಬತ್ತು ಸಾಲನ್ನೂ ಬಿಚ್ಚಿ ತೋರಿಸಬೇಕು. ಬಣ್ಣ ಒಣಗುವ ಸಾಲುಗಳು! ಇಡೀ ಕಚೇರಿ ನಗುತ್ತದೆ.

ಸಹಿ ಹಾಕಿದ. ಅಕ್ಷರಗಳು ಎಂದಿಗಿಂತ ದುಂಡಗೆ ಬಂದವು.

ಹೆಂಡತಿಯ ಫೋನು.

"ತಮ್ಮ ಹೊರಟ್ನಾ? ನೀವೇ ಎಲ್ಲ ನೋಡಿದೀರಿ ತಾನೇ?"

"ನೋಡಿದೀನಿ."

"ಹಾಗಾದ್ರೆ ನನಗೆ ಚಿಂತೆ ಇಲ್ಲಪ್ಪ."

ಕಿಟಕಿಯ ಗಾಜು ಗುಂಯ್ಗುಟ್ಟಿತು. ವಿಮಾನ ಏರಿತ್ತು. ಅವನು ನಲವತ್ತೊಂದನೆಯ ಪುಟವನ್ನು ಬೆಳಕಿಗೆ ಹಿಡಿದ. ಹಾಳೆಯಾಚೆ ಆಕಾಶ, ಆಕಾಶದ ತುಂಬ ಅಕ್ಷರ. ಅವುಗಳ ನಡುವೆ ವಿಮಾನ ಇನ್ನೊಂದು ಅಕ್ಷರದ ಹಾಗೆ ತೆವಳುತ್ತ ಬಂದು ಕಪ್ಪಿನೊಳಗೆ ಹೊಕ್ಕಿತು.

ಹಾಳೆಯನ್ನು ಸರಿಸಬಹುದಿತ್ತು. ಸರಿಸಲಿಲ್ಲ. ಕೈ ನೋಯುತ್ತಿತ್ತು. ಕಿಟಕಿಯ ಗಾಜಿನ ಸದ್ದು ನಿಂತಿತು. ಅವನು ಕಪ್ಪಿನ ಆಚೆಯ ಅಂಚನ್ನೇ ನೋಡುತ್ತ ನಿಂತ.