ಐದನೇ ಸಲದ ಹಾಲು

ಅಕ್ಕ ರೊಸ್ಮಾವಾತಿಗೆ ಮಕ್ಕಳಾಗಲಿಲ್ಲ. ಥೈರಾಯ್ಡ್ ಕ್ಯಾನ್ಸರಿಗೆ ಗ್ರಂಥಿ ತೆಗೆಸಿಕೊಂಡ ಮರುವರ್ಷ ಇಪ್ಪತ್ತು ದಿನದ ಗಂಡುಕೂಸೊಂದನ್ನು ದತ್ತು ತಂದಳು. ಇಕ್ಮಲ್ ಎಂದು ಹೆಸರಿಟ್ಟಳು. ಹಟಮಾರಿ ಹೆಂಗಸು, ಹಾಲೂ ತಾನೇ ಕುಡಿಸಬೇಕು ಎಂದು ಕೂತಳು.

ನಮ್ಮ ಕೆಲಾಂತಾನಿನ ಮುಸ್ಲಿಮರಲ್ಲಿ ಸಾಕಿದ ಮಗ ಬೆಳೆದ ಮೇಲೆ ಧರ್ಮದ ಲೆಕ್ಕದಲ್ಲಿ ಪರಗಂಡಸು. ಅವನೆದುರು ತಲೆವಸ್ತ್ರ ತೆಗೆಯುವಂತಿಲ್ಲ, ಅವನು ಹಬ್ಬಕ್ಕೆ ಅಮ್ಮನ ಕೈಗೆ ಮುತ್ತಿಡುವಂತಿಲ್ಲ. ಎರಡು ವರ್ಷ ತುಂಬುವುದರೊಳಗೆ ಐದು ಸಲ ಹೊಟ್ಟೆತುಂಬ ತನ್ನ ಹಾಲು ಕುಡಿಸಿದರೆ ಮಾತ್ರ ಅವನು ಮಗ. ಅಕ್ಕ ಮಾತ್ರೆ ನುಂಗಿದಳು, ಪಪ್ಪಾಯಿಕಾಯಿ ಸಾರು ಕುಡಿದಳು, ತಿಂಗಳುಗಟ್ಟಲೆ ಪಂಪು ಹಿಡಿದು ಕೂತಳು. ಹಾಲು ಬಂತು. ನಾಲ್ಕು ಸಲ ಕುಡಿಸಿದಳು. ಐದನೆಯದನ್ನು ಶುಕ್ರವಾರ ಅರಿಶಿನದನ್ನ ಮಾಡಿ, ನೆಂಟರನ್ನು ಕರೆದು ಕುಡಿಸುವ ಆಸೆ ಅವಳಿಗೆ. ಈಗಲೇ ಮುಗಿಸಿಬಿಡು, ಮೆರವಣಿಗೆ ಯಾಕೆ ಎಂದು ರೇಗಿದೆ. ಕೇಳಲಿಲ್ಲ.

ನಡುವೆ ವರ್ಷದ ಸ್ಕ್ಯಾನು ಬಂತು. ಮಂಗಳವಾರ ಅದಕ್ಕೆಂದು ವಿಕಿರಣದ ಅಯೋಡಿನ್ ಗುಳಿಗೆ ಕೊಡುವಾಗ ನರ್ಸು ಎದೆಹಾಲು ಕುಡಿಸುತ್ತೀರಾ ಎಂದು ಕೇಳಿದಳಂತೆ. ಮಕ್ಕಳೇ ಇಲ್ಲ ಎಂದಳಂತೆ ಅಕ್ಕ. ನಿಜ ಹೇಳಿದರೆ ಹಾಲು ನಿಲ್ಲಿಸಿ ಎಂದಾರೆಂದು ಭಯ. ಎಳೆಮಕ್ಕಳಿಂದ ದೂರವಿರಿ ಎಂದು ಚೀಟಿಯಲ್ಲಿದ್ದುದರಿಂದ ಇಕ್ಮಲ್‌ನನ್ನು ನನ್ನ ಮನೆಯಲ್ಲಿ ಬಿಟ್ಟಳು. ಅದೊಂದು ಪುಣ್ಯ.

ಗುರುವಾರ ನಾನೂ ಜೊತೆಗೆ ಹೋದೆ, ಡಾಕ್ಟರ್ ಯೋಂಗ್ ಸ್ಕ್ಯಾನಿನ ಚಿತ್ರ ತೋರಿಸಿದರು. ಎದೆಯಲ್ಲಿ ಎರಡು ಕಪ್ಪು ಮಚ್ಚೆ. ಕ್ಯಾನ್ಸರ್ ಶ್ವಾಸಕೋಶಕ್ಕೆ ಇಳಿದಿರಬಹುದು, ದೊಡ್ಡ ಡೋಸು ಕೊಡಬೇಕು ಎಂದರು.

ಅಕ್ಕ ಕೇಳಿದ್ದು ಒಂದೇ. "ಶುಕ್ರವಾರ ಮನೇಲಿರಬಹುದಾ ಡಾಕ್ಟ್ರೇ?"

ನನಗೆ ತಡೆಯಲಾಗಲಿಲ್ಲ. "ಇವಳ ಎದೇಲಿ ಹಾಲಿದೆ ಡಾಕ್ಟ್ರೇ," ಎಂದೆ. ಅಕ್ಕ ಮೇಜಿನಡಿ ನನ್ನ ತೊಡೆ ಚಿವುಟಿದಳು.

ಅವರು ಅವಳನ್ನು ಮತ್ತೆ ಮಲಗಿಸಿ ಪಕ್ಕದಿಂದ ಚಿತ್ರ ತೆಗೆಸಿದರು. ಮಚ್ಚೆ ಶ್ವಾಸಕೋಶದ್ದಲ್ಲ, ಮೊಲೆಯದ್ದು. ಹಾಲು ತುಂಬಿದ ಎದೆಯೂ ಆ ಔಷಧವನ್ನು ಹೀರಿಕೊಳ್ಳುತ್ತದಂತೆ. ಕ್ಯಾನ್ಸರ್ ಎಲ್ಲೂ ಇಲ್ಲ. ನಾನು ಅಲ್ಲೇ ಅತ್ತುಬಿಟ್ಟೆ.

ಆಮೇಲೆ ಅವರು ಆ ಹಾಲಿನ ಒಂದು ಹನಿಯೂ ಕೂಸಿನ ಬಾಯಿಗೆ ಹೋಗಬಾರದು, ಔಷಧ ಅದರ ಗಂಟಲಿನ ಗ್ರಂಥಿಯಲ್ಲಿ ಕೂರುತ್ತದೆ, ಹಾಲು ಬತ್ತಿಸಲೇಬೇಕು ಎಂದರು.

"ಒಂದೇ ಒಂದ್ಸಲ, ಡಾಕ್ಟ್ರೇ."

"ಈ ಮಗೂಗೆ ಇನ್ನು ಆಗಲ್ಲಮ್ಮ."

ದಾರಿಯಲ್ಲಿ ಅವಳು ಅಳುತ್ತಿದ್ದಳು. ಕ್ಯಾನ್ಸರ್ ಇಲ್ಲ ಎಂದಮೇಲೂ ಅಳುತ್ತೀಯಲ್ಲ ಎಂದು ಬೈದೆ. ಹಾಗೆ ಬೈದದ್ದಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ.

ತಿಂಗಳ ಮೇಲೆ ಇಕ್ಮಲ್‌ನನ್ನು ಎತ್ತಿಕೊಂಡು ಬಂದಳು. ನಾನು ನನ್ನ ಮಗಳಿಗೆ ಹಾಲೂಡಿಸುತ್ತಿದ್ದೆ.

"ಹಸ್ನಿ, ಇವನಿಗೂ ನೀನೇ ಕುಡಿಸು. ನೀನು ತಾಯಿಯಾದ್ರೆ ನಾನು ದೊಡ್ಡಮ್ಮ ಆಗ್ತೀನಿ. ದೊಡ್ಡಮ್ಮನ ಕೈಗೆ ಮುತ್ತಿಡಬಹುದಲ್ಲ."

ಅವಳ ನಾಲ್ಕು ಸಲ ನನ್ನ ಲೆಕ್ಕಕ್ಕೆ ಸೇರುವುದಿಲ್ಲ, ಮೊದಲಿನಿಂದ ಐದು. ದಿನವೂ ಅವಳೇ ತಂದು ಮಡಿಲಲ್ಲಿಟ್ಟು, ಮುಖ ತಿರುಗಿಸಿ ಕೂರುತ್ತಿದ್ದಳು. ಐದನೆಯ ದಿನ ಅವನು ಕುಡಿದು, ತೇಗಿ, ನನ್ನ ತೋಳಲ್ಲೇ ನಿದ್ದೆಹೋದ. ಅಕ್ಕ ಎದ್ದು ಬಂದಳು. ಎಂದಿನಂತೆ ಕೈ ಚಾಚಿ ತೆಗೆದುಕೊಳ್ಳಲಿಲ್ಲ.

"ಸ್ವಲ್ಪ ಹೊತ್ತು ಎತ್ಕೊಳ್ಳಲಾ?" ಎಂದು ನನ್ನನ್ನು ಕೇಳಿದಳು.